ಬಿರಡೆ ಪುರಾಣ

ಕಾರ್ಕ್ ನೆಲ ಮಾರುವವರು ಹೇಳುವುದೆಲ್ಲ ನಿಜವೇ. ಕಾಲಿಗೆ ಮೆತ್ತಗೆ, ಚಳಿಗಾಲದಲ್ಲಿ ಬೆಚ್ಚಗೆ, ಲೋಟ ಬಿದ್ದರೂ ಸದ್ದಿಲ್ಲ, ಕುರ್ಚಿ ಒತ್ತಿದ ಗುಳಿ ತಾನಾಗಿ ಎದ್ದು ಬರುತ್ತದೆ. ಆದರೆ ಅವರಲ್ಲಿ ಯಾರೂ ವೆಟ್ ಗ್ರೈಂಡರ್ ಕಂಡವರಲ್ಲ.

ನ್ಯೂಜೆರ್ಸಿಯ ನಮ್ಮ ಮನೆಯ ಅಡುಗೆಮನೆಗೆ ಹಿಂದಿನ ಮಾಲೀಕರು ಕಾರ್ಕ್ ಹಾಕಿಸಿ ಹೋಗಿದ್ದರು. ಮೈಸೂರಿನಿಂದ ಬಂದಿದ್ದ ನಮ್ಮತ್ತೆ ದೋಸೆಹಿಟ್ಟು ತೆಗೆಯಲೆಂದು ಗ್ರೈಂಡರಿನ ಪಾತ್ರೆ ಬಗ್ಗಿಸಿದ್ದೇ ತಡ, ರುಬ್ಬುಗುಂಡು ಜಾರಿ ನೆಲಕ್ಕಿಳಿಯಿತು. ಸದ್ದೇನೋ ಆಗಲಿಲ್ಲ. ಗುಂಡು ಸರಿಸಿದರೆ ಮೂರು ಇಂಚು ಅಗಲಕ್ಕೆ ನೆಲ ಕಿತ್ತುಬಂದಿತ್ತು.

“ನಮ್ಮನೆ ಗಾರೆ ನೆಲ ಆಗಿದ್ರೆ ಗುಂಡೇ ಒಡೀತಿತ್ತು, ಅಳಿಯಂದ್ರೇ” ಎಂದರು. ಸಮಾಧಾನ ಹೇಳಿದರೋ ನನ್ನ ನೆಲವನ್ನು ಆಡಿಕೊಂಡರೋ, ಈಗಲೂ ತಿಳಿಯದು.

ಕಾರ್ಕ್ ಎಂದರೆ ಓಕ್ ಜಾತಿಯ ಒಂದು ಮರದ ತೊಗಟೆ. ಜಗತ್ತಿನ ಕಾರ್ಕಿನಲ್ಲಿ ಸುಮಾರು ಅರ್ಧ ಪೋರ್ಚುಗಲ್ಲಿನದು. ಮರಕ್ಕೆ 25 ವರ್ಷವಾಗುವ ತನಕ ಕಾದು ಮೊದಲ ಸಲ ಸುಲಿದರೆ, ಮತ್ತೆ ಮುಟ್ಟುವುದು 9 ವರ್ಷದ ಮೇಲೆ. ಮರೆಯಬಾರದೆಂದು, ಸುಲಿದ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೇ ಬಣ್ಣದಲ್ಲಿ ಬರೆದಿಡುತ್ತಾರೆ. 1665ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ಕೋಶಗಳ ಚಿತ್ರವೂ ಇದೇ ತೊಗಟೆಯದು. ಹೈಸ್ಕೂಲಿನಲ್ಲಿ ಎಲ್ಲರೂ ಉರು ಹೊಡೆದದ್ದೇ. ಆ ಗೂಡುಗಳೊಳಗಿನ ಗಾಳಿಯಿಂದಲೇ ನೆಲ ಅದುಮಿದರೂ ಮತ್ತೆ ಉಬ್ಬುವುದು. ಹರಿದ ಗೂಡನ್ನು ಮಾತ್ರ ಹುಕ್ ಮಹಾಶಯನೇ ಬಂದರೂ ಉಬ್ಬಿಸಲಾರ.

ಇಡೀ ಬಿಲ್ಲೆ ಬದಲಿಸೋಣವೆಂದರೆ ಬಣ್ಣದ ತಕರಾರು. ಕಿಟಕಿಯ ಬಿಸಿಲಿಗೆ ನಮ್ಮ ನೆಲ ಬಿಳಿಚಿಕೊಂಡಿತ್ತು. ಹೊಸದು ಎದ್ದು ಕಾಣುತ್ತದೆ. ಫ್ರಿಜ್ಜಿನ ಅಡಿಯಿಂದ ಒಂದು ಕಿತ್ತು ಹಾಕಿ ಎಂಬ ಜಾಣ ಸಲಹೆಯೂ ಬಂತು. ಫ್ರಿಜ್ಜಿನ ಅಡಿಗೆ ಬಿಸಿಲು ಯಾವಾಗ ಬಿದ್ದಿತ್ತು ಎಂದು ಸಲಹೆ ಕೊಟ್ಟವರು ಯೋಚಿಸಿರಲಿಲ್ಲ. ಉಳಿದದ್ದು ತೇಪೆಯೊಂದೇ: ಬಾಟಲಿಯ ಬಿರಡೆ ಪುಡಿ ಮಾಡಿ, ಮರಕ್ಕೆ ಹಾಕುವ ಅಂಟಿನಲ್ಲಿ ಕಲಸಿ ಮೆತ್ತುವುದು.

ನಮ್ಮ ಮನೆಯಲ್ಲಿ ಬಾಟಲಿಯೆಂದರೆ ಎಳ್ಳೆಣ್ಣೆಯದು. ಪಕ್ಕದ ಮನೆಯಾಕೆಯನ್ನು ಕೇಳಿದೆ. ಒಂದು ಚೀಲದ ತುಂಬ ಕೊಟ್ಟರು. ಅದರಲ್ಲಿ ಅರ್ಧ ಪ್ಲಾಸ್ಟಿಕ್ಕಿನವು, ಕೆಲಸಕ್ಕೆ ಬಾರದವು. ಉಳಿದವುಗಳ ತುದಿಗೆ ಕೆಂಪು ವೈನಿನ ಕಲೆ; ಅಷ್ಟನ್ನು ಕೊಯ್ದು ಬಿಸಾಡದಿದ್ದರೆ ತೇಪೆಗೆ ನೇರಳೆ ಬಣ್ಣ ಬರುತ್ತದೆ. ಮಿಕ್ಸಿಯ ಕಡೆ ಕೈ ಚಾಚಿದ್ದಕ್ಕೆ ಹೆಂಡತಿ “ಚಟ್ನಿ ಜಾರ್ ಮುಟ್ಟಿ ನೋಡಿ” ಎಂದಳು. ಮುಟ್ಟಲಿಲ್ಲ. ಹಳೆಯ ಕ್ಯಾರೆಟ್ ತುರಿಮಣೆಯಲ್ಲಿ ಕೂತು ತುರಿದೆ. ಪುಡಿ ಬಟ್ಟಲಿಗೆ ಬೀಳುವ ಬದಲು ಮೊಣಕೈವರೆಗೆ ಅಂಟಿಕೊಂಡಿತು. ಹೂರಣದ ಹದಕ್ಕೆ ಕಲಸಿ, ಒಣಗಿದಾಗ ಇಳಿಯುತ್ತದೆಂದು ತುಸು ಉಬ್ಬಾಗಿಯೇ ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಭಾರಕ್ಕೆ ಅದೇ ರುಬ್ಬುಗುಂಡು ಇಟ್ಟೆ. ಕಿತ್ತವನೇ ಕಾವಲಿಗೆ ಕೂರಲಿ.

ಮರುದಿನ ಸತ್ಯನಾರಾಯಣ ಪೂಜೆ. ಮಿಕ್ಕ ಬಿರಡೆಗಳನ್ನು ಹೆಂಡತಿ ದೊಡ್ಡ ಗಾಜಿನ ಭರಣಿಗೆ ಸುರಿದು, ಜಾಗವಿಲ್ಲದೆ ಪಂಚಾಮೃತದ ಪಕ್ಕದಲ್ಲಿ ಇಟ್ಟಿದ್ದಳು. ನಮ್ಮ ಕನ್ನಡ ಕೂಟದ ಹಿರಿಯರೊಬ್ಬರು ಸಪಾದದ ಬಟ್ಟಲು ಹಿಡಿದು ಒಳಗೆ ಬಂದವರು ಭರಣಿ ನೋಡಿದರು, ನನ್ನನ್ನು ನೋಡಿದರು, ಮಡಿಯಲ್ಲಿದ್ದ ಅತ್ತೆಯನ್ನು ನೋಡಿದರು.

“ನೆಲಕ್ಕೆ ಸಾರ್” ಎಂದೆ.

“ಹೌದೌದು, ನೆಲಕ್ಕೇ” ಎಂದು ಬೆನ್ನು ತಟ್ಟಿದರು.

ತೇಪೆ ಚೆನ್ನಾಗಿಯೇ ಕೂತಿತು. ಉಪ್ಪುಕಾಗದದಲ್ಲಿ ಉಜ್ಜಿ ಎರಡು ಕೈ ವಾರ್ನಿಷ್ ಬಳಿದ ಮೇಲೆ, ಹುಡುಕಿದವರಿಗೆ ಮಾತ್ರ ಕಾಣುತ್ತದೆ. ಕೆಲವು ದಿನ ಬಿಟ್ಟು ಅದೇ ಹಿರಿಯರು ಊಟಕ್ಕೆ ಬಂದರು. ಒಂದು ಕೈಯಲ್ಲಿ ಕೋಸಂಬರಿ, ಇನ್ನೊಂದರಲ್ಲಿ ಕಂದು ಕಾಗದದ ಚೀಲ. “ಅತ್ತೆಯವರಿಗೆ ಕಾಣದ ಹಾಗೆ ಇಡಿ” ಎಂದು ಕಣ್ಣು ಮಿಟುಕಿಸಿದರು. ಒಳಗೆ ಹೋಗಿ ಚೀಲ ಬಿಚ್ಚಿದೆ. ಒಳ್ಳೆಯ ವೈನೇ ಇರಬೇಕು. ಆದರೆ ತಿರುಪಿನ ಮುಚ್ಚಳ.