ಬೀಗಣ್ಣ

ಸರ್ವರ್ ಇರುವ ಪ್ರತಿ ಆಫೀಸಿನಲ್ಲೂ ಒಬ್ಬ ಬೀಗಣ್ಣ ಇರುತ್ತಾರೆ. ಮನೆಯವರು ಇಟ್ಟ ಹೆಸರು ಬೇರೆ. ನಾವು ಬೆನ್ನ ಹಿಂದೆ ಕರೆಯುವುದು ಇದನ್ನೇ. ನಿಮ್ಮ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಸರ್ವರಿನ ಬಾಗಿಲು ತೆರೆಯುವ ಎಸ್‌ಎಸ್‌ಎಚ್ ಪ್ರೈವೇಟ್ ಕೀ ಕಣ್ಣಿಗೆ ಬಿದ್ದರೆ ಸೂತಕದ ಮನೆಗೆ ಬಂದವರ ಹಾಗೆ ಮೌನವಾಗಿ ನಿಲ್ಲುತ್ತಾರೆ. ಲ್ಯಾಪ್‌ಟಾಪ್ ಲಾಕ್ ಮಾಡದೆ ಕಾಫಿಗೆ ಎದ್ದಿರೋ, "ನಾಳೆ ಎಲ್ಲರಿಗೂ ನನ್ನ ಖರ್ಚಿನಲ್ಲಿ ಮಸಾಲೆ ದೋಸೆ" ಎಂದು ನಿಮ್ಮ ಹೆಸರಿನಲ್ಲೇ ಗ್ರೂಪಿಗೆ ಮೆಸೇಜ್ ಹೋಗಿರುತ್ತದೆ. ಮಾರನೆಯ ದಿನ ಎರಡು ದೋಸೆ ತಿನ್ನುವವರೂ ಅವರೇ.

ಇದನ್ನೆಲ್ಲ ಸಹಿಸಿಕೊಳ್ಳಬಹುದು. ಆದರೆ ಒಂದು ಗಣೇಶನ ಹಬ್ಬದ ಹಿಂದಿನ ರಾತ್ರಿಯನ್ನು ಸಹಿಸುವುದು ಕಷ್ಟ. ನಡುರಾತ್ರಿ ಸರ್ವರ್ ಮಲಗಿತು. ಒಳಗೆ ಹೋಗುವ ಹಕ್ಕಿದ್ದ ನಮ್ಮ ಬೀಗಣ್ಣ ಶಿರಸಿಯಲ್ಲಿದ್ದರು. "ಅವರ ಕೀ ವಾಟ್ಸಾಪಿನಲ್ಲಿ ತರಿಸಿಕೊಳ್ಳಿ" ಎಂದು ಮ್ಯಾನೇಜರ್ ಅಪ್ಪಣೆ ಮಾಡಿದರು. ನಾನು ಫೋನ್ ಮಾಡಿ ಹೇಳಿದೆ. ಆ ಕಡೆ ಎಷ್ಟು ಹೊತ್ತು ಸದ್ದಿಲ್ಲವೆಂದರೆ ಲೈನ್ ಕಟ್ಟಾಯಿತೆಂದುಕೊಂಡೆ.

"ಏನ್ರೀ, ಪ್ರೈವೇಟ್ ಕೀ ಕೇಳ್ತಿದ್ದೀರಾ?"

"ಸರ್, ಸರ್ವರ್ ಡೌನ್ ಆಗಿದೆ..."

"ಆಗ್ಲಿ. ನಿಮ್ಮದೇ ಕೀ ಮಾಡಿಕೊಳ್ಳಿ. ಪಬ್ಲಿಕ್ ಕೀ ನನಗೆ ಕಳಿಸಿ. ಅದನ್ನ ಬೇಕಾದ್ರೆ ಮೆಜೆಸ್ಟಿಕ್‌ನಲ್ಲಿ ಗೋಡೆಗೆ ಅಂಟಿಸಿ, ಏನೂ ಆಗಲ್ಲ. ಪ್ರೈವೇಟ್ ಕೀ ಮಾತ್ರ ನನಗೂ ತೋರಿಸಬೇಡಿ."

ಶುರುವಾಯಿತು ಪಾಠ. ಮೌಸ್ ಮುಟ್ಟುವಂತಿಲ್ಲ, ಎಲ್ಲವೂ ಟರ್ಮಿನಲ್‌ನಲ್ಲೇ. ಪಾಸ್‌ವರ್ಡ್ ಕಾಯುವ ಒನ್‌ಪಾಸ್‌ವರ್ಡಿನ 'ಓಪಿ' ಕಮಾಂಡ್ ಕೊಟ್ಟು ಎಡ್25519 ಜಾತಿಯ ಕೀ ಮಾಡಿಸಿದರು. ಅದು ವಾಲ್ಟ್‌ನೊಳಗೇ ಹುಟ್ಟಿತು, ಡಿಸ್ಕಿನ ಮೇಲೆ ಫೈಲಾಗಿ ಬೀಳಲಿಲ್ಲ. ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಒನ್‌ಪಾಸ್‌ವರ್ಡ್ ಏಜೆಂಟಿನ ವಿಳಾಸ ಬರೆಸಿದರು. ಇನ್ನು ಸಹಿ ಹಾಕುವುದು ಏಜೆಂಟ್, ನಾನು ಬೆರಳೊತ್ತಿ ಒಪ್ಪಿಗೆ ಕೊಟ್ಟರೆ ಸಾಕು. ಇಷ್ಟಕ್ಕೇ ನಿಲ್ಲಿಸಿದ್ದರೆ ಪುಣ್ಯ ಬರುತ್ತಿತ್ತು. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಪಾಸ್‌ವರ್ಡ್ ಕದ್ದದ್ದು, ಅದಕ್ಕೆ ಅಲ್ಲಿನ ತಾತು ಯುಲೋನೆನ್ ಎಸ್‌ಎಸ್‌ಎಚ್ ಬರೆದದ್ದು, ಎಫ್‌ಟಿಪಿಯ 21ಕ್ಕೂ ಟೆಲ್ನೆಟ್‌ನ 23ಕ್ಕೂ ನಡುವೆ ಖಾಲಿ ಇದ್ದ 22ನೇ ಪೋರ್ಟನ್ನು ಕೇಳಿ ಪಡೆದದ್ದು, ಒಂದೂ ಬಿಡಲಿಲ್ಲ. ಇನ್ನೊಂದು ಫೋನಿನಲ್ಲಿ ಮ್ಯಾನೇಜರ್, "ಎಲ್ಲಿಗೆ ಬಂತು?" ಎಂದು ಕೂಗುತ್ತಿದ್ದರು. "ಫಿನ್‌ಲೆಂಡಿಗೆ, ಸರ್" ಎನ್ನುವ ಧೈರ್ಯ ನನಗಿರಲಿಲ್ಲ. ಸಾಲದ ಕಂತು ಕಟ್ಟುವವನು ನಾನು.

ಕೊನೆಗೆ ಶಿರಸಿಯಿಂದಲೇ ನನ್ನ ಪಬ್ಲಿಕ್ ಕೀಯನ್ನು ಸರ್ವರಿಗೆ ಸೇರಿಸಿದರು. ಬೆರಳೊತ್ತಿದೆ, ಬಾಗಿಲು ತೆರೆಯಿತು. ಸಿಟ್ಟಿನ ಜೊತೆಗೆ ಸ್ವಲ್ಪ ಹೆಮ್ಮೆಯೂ ಆಯಿತೆಂದು ಅವರಿಗೆ ಇವತ್ತಿಗೂ ಹೇಳಿಲ್ಲ.

ತಿಂಗಳಿಗೊಮ್ಮೆ ಅವರು ಪ್ರತಿ ಸರ್ವರಿನ ಆಥರೈಸ್ಡ್ ಕೀಸ್ ಫೈಲನ್ನೂ ಹಾಜರಿ ಪುಸ್ತಕದ ಹಾಗೆ ಓದುತ್ತಾರೆ. ಒಂದೊಂದು ಸಾಲಿನ ತುದಿಯಲ್ಲೂ ಒಂದು ಹೆಸರು: ಪುಣೆಗೆ ಹೋದವಳು, ಸಿಯಾಟಲ್ ಸೇರಿದವನು, ಯಾರಿಗೂ ನೆನಪಿಲ್ಲದ ಇನ್ಯಾರೋ. "ಒಳ್ಳೇ ಹುಡುಗ ಕಣ್ರೀ, ಕರೆಯದೆ ಊಟಕ್ಕೆ ಹೋಗ್ತಿರಲಿಲ್ಲ" ಎನ್ನುತ್ತ ಆ ಸಾಲನ್ನು ಅಳಿಸುತ್ತಾರೆ.

"ಅವನ ಮೇಲೆ ಅನುಮಾನವಾ ಸರ್?"

"ಅಲ್ಲ. ನಾಳೆ ಇಲ್ಲಿ ಏನಾದ್ರೂ ಕಳುವಾದ್ರೆ ಅವನ ಹೆಸರು ಬರಬಾರದು, ಅದಕ್ಕೆ."

ಬಿಟ್ಟುಹೋದವರ ಮಾನ ಕಾಯಲು ಬೀಗ ಬದಲಿಸುವವರು ಎಷ್ಟು ಜನ ಸಿಗುತ್ತಾರೆ? ಕೈಮುಗಿಯಬೇಕೆನ್ನಿಸಿತು. ಅಷ್ಟರಲ್ಲಿ ಕನ್ನಡಕ ಏರಿಸಿ ಕೇಳಿದರು: "ಇನ್ನೊಂದು ಸರ್ವರಿನಲ್ಲಿ ನಿಮ್ಮ ಹಳೇ ಆರ್‌ಎಸ್‌ಎ ಕೀ ಇನ್ನೂ ಇದೆಯಲ್ರೀ, ಅದಕ್ಕೇನು ಮುಹೂರ್ತ ನೋಡ್ತಿದ್ದೀರಾ?"