ನಾಯಿಕೋಪಾಸಕ

ಉಪಾಸಕರಲ್ಲಿ ಅನೇಕ ಬಗೆಯುಂಟು. ದೇವತೋಪಾಸಕರನ್ನೂ ಉದರೋಪಾಸಕರನ್ನೂ ನಾವೆಲ್ಲರೂ ಬಲ್ಲೆವು. ಅಧಿಕಾರೋಪಾಸಕರು ಬೇಡವೆಂದರೂ ಕಣ್ಣಿಗೆ ಬೀಳುತ್ತಾರೆ. ನಾನಿಲ್ಲಿ ಬಣ್ಣಿಸಹೊರಟಿರುವವನು ನಾಯಿಕೋಪಾಸಕ. ಪದವನ್ನು ಅವಸರದಲ್ಲಿ ಒಡೆದು ಓದಿ, ಬೀದಿನಾಯಿಗಳಿಗೆ ಅನ್ನವಿಡುವ ಪುಣ್ಯಾತ್ಮನೆಂದು ಯಾರೂ ಭಾವಿಸಬಾರದು. ಜಪಾನಿನ ಅನಿಮೆ ಚಿತ್ರಗಳಲ್ಲಿಯೂ, ಅರ್ಧ ಗ್ರಂಥವೂ ಅರ್ಧ ಆಟವೂ ಆಗಿ ಗಣಕಯಂತ್ರದ ಪರದೆಯ ಮೇಲೆ ಓದಿಸಿಕೊಳ್ಳುವ ವಿಷುಯಲ್ ನಾವೆಲ್ ಎಂಬ ಕಥಾವಿಶೇಷಗಳಲ್ಲಿಯೂ ಬರುವ ಅಸಂಖ್ಯ ನಾಯಿಕೆಯರಲ್ಲಿ ಒಬ್ಬಳನ್ನು ಆರಿಸಿ ಹೃದಯಪೀಠದಲ್ಲಿ ಪ್ರತಿಷ್ಠಾಪಿಸಿಕೊಂಡು, ಮಿಕ್ಕವರ ವಿಷಯದಲ್ಲಿ ಸೌಜನ್ಯವನ್ನಷ್ಟೇ ಕಾಯ್ದುಕೊಳ್ಳುವ ಏಕನಿಷ್ಠನು ಈತ. ನನ್ನ ಪಾಲಿಗೆ ಬಂದವನು ಒಬ್ಬನೇ. ಆದರೆ ಅವನು ಸ್ವಂತ ಸೋದರಳಿಯನಾಗಿ ಬಂದನಾದ ಕಾರಣ, ಟೋಕಿಯೋದಲ್ಲಿ ನಮ್ಮ ದೇಶದ ಸಾಫ್ಟ್‌ವೇರ್ ಜನರು ಹೆಚ್ಚಾಗಿ ನೆಲೆಸಿರುವ ನಿಶಿ-ಕಸಾಯಿ ಎಂಬಲ್ಲಿ, ಅವನ ಒಂದೂವರೆ ಕೋಣೆಯ ಮನೆಯಲ್ಲಿ, ನಲವತ್ತು ದಿನ ನಾನು ಆ ಉಪಾಸನೆಗೆ ಸಾಕ್ಷಿಯಾಗಬೇಕಾಯಿತು.

ಮೊದಲ ರಾತ್ರಿಯೇ ಒಂದು ಅನರ್ಥ ಸಂಭವಿಸಿತು. ಗಾಜಿನ ಕಪಾಟಿನಲ್ಲಿ, ಒಂದು ಗೇಣಿನಷ್ಟು ಎತ್ತರದ, ಕೆಂಚುಗೂದಲಿನ, ಯಾರನ್ನೋ ಗದರಿಸಲು ಸಿದ್ಧಳಾಗಿ ನಿಂತಿದ್ದ ಬೊಂಬೆಯೊಂದರ ಕಡೆಗೆ ಕೈ ತೋರಿಸಿ, "ಇವಳು ನನ್ನ ವೈಫು, ಮಾವ" ಎಂದನು. ಬಸ್ಸು, ಕಾರು, ರೈಲು ಎಂದು ಪರಭಾಷೆಯ ವ್ಯಂಜನಾಂತಗಳಿಗೆಲ್ಲ ಉಕಾರದ ಊರುಗೋಲು ಕೊಡುವುದು ಕನ್ನಡಿಗನ ಹುಟ್ಟುಗುಣ. ಹುಡುಗನು ನಾಚಿಕೆಯಿಂದ ಬೊಂಬೆಯ ನೆಪದಲ್ಲಿ ಮದುವೆಯ ವಾರ್ತೆಯನ್ನೇ ತಿಳಿಸುತ್ತಿದ್ದಾನೆಂದು ಬಗೆದು, ಅವನು ಮಲಗಿದ ಮೇಲೆ ಮೈಸೂರಿಗೆ ಫೋನು ಮಾಡಿ ಅಕ್ಕನಿಗೆ ಅರುಹಿದೆನು. ಮೂರು ಜಾತಕಗಳನ್ನು ಕೈಯಲ್ಲಿ ಹಿಡಿದು ಕುಳಿತಿದ್ದ ಅಕ್ಕ ಮೊದಲು ಅತ್ತಳು, ಆಮೇಲೆ, "ಮೀನು ತಿನ್ನುತ್ತಾಳೇನೋ?" ಎಂದು ಕೇಳಿದಳು. ಮರುದಿನ ನಿಜಸ್ಥಿತಿ ತಿಳಿಯಿತು. 2002ರ 'ಅಜುಮಾಂಗಾ ದಾಯೋ' ಎಂಬ ಅನಿಮೆಯಲ್ಲಿ ಶಾಲಾಮಾಸ್ತರನೊಬ್ಬನು ತನ್ನ ಹೆಂಡತಿಯ ಭಾವಚಿತ್ರವನ್ನು ಇಂಗ್ಲಿಷಿನಲ್ಲಿ ಪರಿಚಯಿಸಹೋಗಿ ಹಾಗೆ ಉಚ್ಚರಿಸಿದನಂತೆ. ಅಂದಿನಿಂದ ಆರಾಧ್ಯ ನಾಯಿಕೆಗೆ ಉಪಾಸಕರು ಇಟ್ಟ ಹೆಸರೇ ಅದು. ಅನುನಾಸಿಕವೊಂದನ್ನು ಬಿಟ್ಟರೆ ಜಪಾನೀಯರ ನಾಲಗೆಯೂ ವ್ಯಂಜನದಲ್ಲಿ ನಿಲ್ಲಲಾರದು. ಬಸ್ಸನ್ನು ಅವರೂ 'ಬಸು' ಎನ್ನುತ್ತಾರೆ. ಉಕಾರದ ಮಟ್ಟಿಗೆ ನಮಗೂ ಅವರಿಗೂ ಇರುವ ಈ ನಂಟನ್ನು ಭಾಷಾಶಾಸ್ತ್ರಜ್ಞರು ಗಮನಿಸಿದ್ದಾರೆಯೋ ಇಲ್ಲವೋ, ನಮ್ಮ ಅಕ್ಕನಂತೂ ಗಮನಿಸಲಿಲ್ಲ. ವಧುವು ಪ್ಲಾಸ್ಟಿಕ್ಕಿನವಳೆಂದೂ, 2009ರಲ್ಲಿ ಒಂದು ಆಟದೊಳಗೆ ಜನಿಸಿದವಳೆಂದೂ ನಾನು ವಿವರಿಸಿದಾಗ ಬಹಳ ಹೊತ್ತು ಮೌನವಾಗಿದ್ದು, "ಮೀನು ತಿನ್ನುವವಳೇ ವಾಸಿಯಾಗಿತ್ತಲ್ಲೋ" ಎಂದಳು.

ವಧುವಿನ ಹೆಸರು ಮಕಿಸೆ ಕುರಿಸು. 'ಸ್ಟೈನ್ಸ್ ಗೇಟ್' ಎಂಬ ಕಥೆಯ ನಾಯಿಕೆ, ಹದಿನೆಂಟು ವರ್ಷಕ್ಕೇ ಮೆದುಳಿನ ವಿಜ್ಞಾನದಲ್ಲಿ ಪಾರಂಗತೆ, ಸ್ವಭಾವದಲ್ಲಿ 'ತ್ಸುಂದೆರೆ'. ಹೊರಗೆ ಸಿಡುಕು, ಒಳಗೆ ಕರಗು ಎಂಬುದು ಈ ಪಾರಿಭಾಷಿಕದ ಸ್ಥೂಲಾರ್ಥ. ಭರತಮುನಿಯ ಅಷ್ಟನಾಯಿಕೆಯರನ್ನು ಮೂವತ್ತೊಂದು ವರ್ಷ ತರಗತಿಯಲ್ಲಿ ಬೋಧಿಸಿದ ಗರ್ವದಿಂದ ನಾನು, "ಇದರಲ್ಲಿ ಹೊಸದೇನಿದೆ? ಜಗಳವಾಡಿ ಕಳುಹಿಸಿ ಆಮೇಲೆ ಮರುಗುವವಳು ನಮ್ಮ ಕಲಹಾಂತರಿತೆಯೇ" ಎಂದೆನು. ಅವನು ಲಕ್ಷಣವಾಕ್ಯವನ್ನು ಶ್ರದ್ಧೆಯಿಂದ ಕೇಳಿ, ಕ್ಷಣಕಾಲ ಯೋಚಿಸಿ, "ಇಲ್ಲ ಮಾವ; ಇವಳು ಮರುಗಿದರೂ ಮರುಗಿದೆ ಅಂತ ಒಪ್ಪಿಕೊಳ್ಳೋದಿಲ್ಲ" ಎಂದನು. ಇಂಥ ಸೂಕ್ಷ್ಮವಾದ ಆಕ್ಷೇಪವನ್ನು ಎತ್ತುವ ವಿದ್ಯಾರ್ಥಿಯೊಬ್ಬನು ನನಗೆ ಸೇವಾವಧಿಯಲ್ಲಿ ಸಿಕ್ಕಿದ್ದರೆ! ನಾನು ಒಂಬತ್ತನೆಯ ನಾಯಿಕೆಯನ್ನು ಒಪ್ಪಿಕೊಂಡೆನು.

ಇವನ ಮತಸ್ಥರಲ್ಲಿ ಪಂಗಡಗಳು ಹೇರಳ. 1995ರ 'ಇವ್ಯಾಂಜಿಲಿಯನ್' ಸರಣಿಯ ಮೌನಿಯಾದ ರೇ ಉತ್ತಮಳೋ ಮುಂಗೋಪಿಯಾದ ಅಸುಕಾ ಉತ್ತಮಳೋ ಎಂಬ ವಾದ, ಅಂದು ತರುಣರಾಗಿದ್ದವರ ತಲೆ ನರೆತರೂ ತೀರ್ಮಾನವಾಗಿಲ್ಲ. 2004ರ 'ಫೇಟ್ ಸ್ಟೇ ನೈಟ್' ಎಂಬ ಕಥೆಯಲ್ಲಿಯಂತೂ ಸೇಬರ್, ರಿನ್, ಸಕುರಾ ಎಂಬ ಮೂವರಿಗೆ ಮೂರು ಪ್ರತ್ಯೇಕ ಕಥಾಮಾರ್ಗಗಳನ್ನೇ ಕಲ್ಪಿಸಿಕೊಟ್ಟಿರುವುದರಿಂದ, ಒಂದೇ ಪ್ರಸ್ಥಾನತ್ರಯದಿಂದ ಮೂರು ಮತಗಳು ಹೊರಟ ನಾಡಿನಿಂದ ಹೋದ ನನಗೆ ಅದು ತವರಿನ ವಾತಾವರಣವೆನಿಸಿತು. ಅದೇ ವರ್ಷದ 'ಕ್ಲಾನಾಡ್' ಕಥೆಯ ನಗಿಸಾ ಎಂಬ ರೊಟ್ಟಿಯಂಗಡಿಯವರ ಮಗಳ ಪ್ರಸ್ತಾಪ ಬಂದರೆ ಮಾತ್ರ ಪಕ್ಷಭೇದವಿಲ್ಲದೆ ಎಲ್ಲರೂ ಮೂಗೊರೆಸಿಕೊಳ್ಳುತ್ತಾರೆ. ಇನ್ನು ನನ್ನ ಅಳಿಯನ ಗೃಹಕೃತ್ಯವನ್ನು ಹೇಳದಿರುವುದೇ ಲೇಸು. ಬೊಂಬೆಯ ಧೂಳನ್ನು ಕೋಮಲವಾದ ಕುಂಚದಿಂದ ಪ್ರತಿ ಭಾನುವಾರ ತೆಗೆಯುವವನು, ನೆಲದ ಧೂಳನ್ನು ನಾನು ಬರುವವರೆಗೆ ತೆಗೆದಿರಲಿಲ್ಲ.

ಇವೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾರದೆ ಹೋದದ್ದು, ಕುರಿಸುವಿನ ಕಥೆಯನ್ನು ನಾನೂ ಓದಲೇಬೇಕೆಂಬ ಅವನ ಹಟವನ್ನು. ಉಪಾಸಕನಿಗೆ ದೀಕ್ಷೆ ಕೊಡುವ ಚಪಲ ಬಹಳ. ರಾತ್ರಿ ಒಂಬತ್ತಕ್ಕೆ ಆಫೀಸಿನಿಂದ ಬಂದು, ಅನ್ನ ಸಾರು ಉಂಡು, ನನ್ನನ್ನು ಪರದೆಯ ಮುಂದೆ ಕೂರಿಸಿ, ತಾನು ಹಿಂದೆ ಉಪಾಧ್ಯಾಯನಂತೆ ನಿಲ್ಲುವನು. ಅಕಿಹಬಾರಾ ಎಂಬ ಪೇಟೆಯ ಮಹಡಿಯೊಂದರಲ್ಲಿ ಕೆಲವು ತರುಣರು ಮೈಕ್ರೋವೇವ್ ಒಲೆಗೆ ಫೋನನ್ನು ಜೋಡಿಸಿ ಭೂತಕಾಲಕ್ಕೆ ಸಂದೇಶ ಕಳುಹಿಸುವುದು ಕಥಾವಸ್ತು. ಅದನ್ನು ಓದಿದ ಮೇಲೆ ನನಗೆ ಆ ಒಲೆಯಲ್ಲಿ ಸಾರು ಬಿಸಿಮಾಡಲು ಅಳುಕಾಗತೊಡಗಿತು. ಓದುಗನಿಗೆ ಅಲ್ಲಿ ಇರುವ ಮುಖ್ಯ ಕರ್ತವ್ಯವಿದು: ನಡುನಡುವೆ ಕಥಾನಾಯಕನ ಫೋನಿಗೆ ಸಂದೇಶ ಬರುತ್ತದೆ, ಅದರಲ್ಲಿ ಗೆರೆಯೆಳೆದ ಕೆಲವು ಪದಗಳಿರುತ್ತವೆ, ಯಾವ ಪದವನ್ನು ಒತ್ತಿದರೆ ಅದಕ್ಕೆ ತಕ್ಕ ಉತ್ತರ ಹೋಗುತ್ತದೆ. ನಾನು ಒಂದನ್ನೂ ಒತ್ತಲಿಲ್ಲ.

"ಮಾವ, ಕುರಿಸು ಮೆಸೇಜ್ ಕಳಿಸಿದ್ದಾಳೆ."

"ಕಂಡೆ."

"ಉತ್ತರ ಕೊಡಿ."

"ನಿಮ್ಮ ಅಮ್ಮ ಬೆಳಗ್ಗೆ ಕಳಿಸಿದ್ದಕ್ಕೇ ಇನ್ನೂ ಕೊಟ್ಟಿಲ್ಲ, ಅವಳಿಗೆ ಕೊಟ್ಟು ಇವಳಿಗೆ ಕೊಡುತ್ತೇನೆ."

ಹಿಂದಿನಿಂದ ನಿಟ್ಟುಸಿರು ಕೇಳಿಸಿತು. ಮೂರನೆಯ ವಾರದ ಕೊನೆಗೆ, ಒಬ್ಬಳನ್ನು ಉಳಿಸಿಕೊಂಡರೆ ಇನ್ನೊಬ್ಬಳು ಅಳಿಯುವಳೆಂಬ ಸಂಕಟಸ್ಥಾನಕ್ಕೆ ಕಥೆ ಮುಟ್ಟಿ, ಕುರಿಸು ಕಣ್ಮರೆಯಾಗಿ, ಗ್ರಂಥ ಅಲ್ಲಿಗೇ ಮುಗಿದುಹೋಯಿತು. ಅವಳ ಸಂದೇಶಗಳಿಗೆ ತಕ್ಕ ಉತ್ತರಗಳನ್ನು ಕೊಡುತ್ತ ಬಂದವರಿಗೆ ಮಾತ್ರ ಅದರಿಂದಾಚೆಯ ನಿಜವಾದ ಉಪಸಂಹಾರ ತೆರೆಯುವುದಂತೆ. "ಒಂದು ಉತ್ತರ ಹಾಕಿದ್ದರೆ ಬದುಕುತ್ತಿದ್ದಳು ಮಾವ" ಎಂದು ಅವನು ಹೇಳಿದ ಧ್ವನಿಯಲ್ಲಿ ಆಕ್ಷೇಪಣೆಗಿಂತ ದುಃಖವೇ ಹೆಚ್ಚಾಗಿತ್ತು. ನಗಬೇಕೆಂದುಕೊಂಡೆ, ನಗು ಬರಲಿಲ್ಲ. ಆ ರಾತ್ರಿ ಹಾಸಿಗೆಯಲ್ಲಿ ಹೊರಳಿ ಹೊರಳಿ, ಕಡೆಗೆ ಎದ್ದು, ಅಕ್ಕನ ಸಂದೇಶಕ್ಕೆ ಉತ್ತರ ಬರೆದು ಮಲಗಿದೆನು.

ಜುಲೈ 25 ಕುರಿಸುವಿನ ಜನ್ಮದಿನ. ಬೊಂಬೆಯ ಮುಂದೆ ಕೇಕನ್ನಿಟ್ಟು, ಚಿತ್ರ ತೆಗೆದು, ನೈವೇದ್ಯವಾಗುವವರೆಗೆ ನನ್ನ ಹಸಿವನ್ನು ಕಾಯಿಸಿದನು. ಬೇರೆ ಊರಿನಲ್ಲಿ, ಬೇರೆ ಮಾತಿನ ನಡುವೆ, ದಿನವೆಲ್ಲ ತಲೆತಗ್ಗಿಸಿ ದುಡಿದು ಬಂದ ಹುಡುಗನಿಗೆ ಬಾಗಿಲು ತೆರೆದೊಡನೆ ಬೈಯುವವಳೊಬ್ಬಳು ಇರುವುದು, ಮೂಕವಾದ ಗೋಡೆಗಿಂತ ಮೇಲಲ್ಲವೆ? ನಾನು ಹೊರಟುಹೋದ ಮೇಲೆ ಆ ಮನೆಯಲ್ಲಿ ಯಾರು ಮಾತನಾಡುವರು? ಆದರೆ ಇದು ಉಪನ್ಯಾಸದ ಧಾಟಿಗೆ ತಿರುಗುತ್ತಿದೆ. ಕೇಕು ರುಚಿಯಾಗಿತ್ತೆಂದು ಹೇಳಿ ಮುಂದೆ ಸಾಗುತ್ತೇನೆ.

ಹೊರಡುವ ಹಿಂದಿನ ಭಾನುವಾರ ಕಯಾಬಾಚೋದಲ್ಲಿ ರೈಲು ಬದಲಿಸಿ ಅಕಿಹಬಾರಾ ಯಾತ್ರೆಗೆ ಹೋದೆವು. ರೇಡಿಯೋ ಕೈಕಾನ್ ಎಂಬ ಕಟ್ಟಡದ ಎದುರು ನಿಂತು, ಕಥೆಯಲ್ಲಿ ಕಾಲಯಂತ್ರವು ಬಂದು ಬಡಿದ ಮೇಲ್ಭಾಗವನ್ನು ಅಳಿಯನು ಭಕ್ತಿಯಿಂದ ನೋಡಿದನು. ಹಳೆಯ ಕಟ್ಟಡವನ್ನು ಕೆಡವಿ 2014ರಲ್ಲಿ ಹೊಸದಾಗಿ ಕಟ್ಟಿದ್ದೆಂದು ಅವನೇ ಹೇಳಿದ್ದನಾದ್ದರಿಂದ, "ಹಾಗಾದರೆ ನೋಡುತ್ತಿರುವುದೇನನ್ನು?" ಎಂದು ಕೇಳಬೇಕೆಂದು ಬಾಯಿ ತೆರೆದವನು, ನಮ್ಮ ನಾಡಿನ ಬೆಟ್ಟಬೆಟ್ಟದ ಮೇಲೂ ಸೀತೆ ಮಿಂದ ಹೊಂಡಗಳಿರುವುದು ನೆನಪಾಗಿ ಮುಚ್ಚಿಕೊಂಡೆನು. ಅಲ್ಲಿಂದ ನಡಿಗೆಯ ದೂರದಲ್ಲಿ ಕಂದಾ ಮ್ಯೋಜಿನ್ ಎಂಬ ಪುರಾತನ ದೇವಾಲಯ. ಗಣಕಯಂತ್ರಗಳ ಕ್ಷೇಮಕ್ಕೆ ಅಲ್ಲಿ ರಕ್ಷೆ ಮಾರುತ್ತಾರೆ. ಹರಕೆಯನ್ನು 'ಎಮಾ' ಎಂಬ ಮರದ ಹಲಗೆಯ ಮೇಲೆ ಬರೆದು ತೂಗುಹಾಕುತ್ತಾರೆ. ಸಾಲುಸಾಲು ಹಲಗೆಗಳ ಮೇಲೆ ಭಕ್ತರು ತಮ್ಮ ತಮ್ಮ ನಾಯಿಕೆಯರನ್ನು ಬಿಡಿಸಿದ್ದ ಕೌಶಲ ನೋಡುವಂತಿತ್ತು. ಅಳಿಯನೂ ತನ್ನವಳನ್ನು ಬಿಡಿಸಿ ತೂಗುಹಾಕಿ, "ನಿಮಗ್ಯಾರೂ ಇಲ್ವಾ ಮಾವ?" ಎಂದನು.

ಹುಡುಗಾಟದ ಮಾತು, ಆದರೆ ನನ್ನ ಬಾಯಿಂದ ತಟ್ಟನೆ "ಮಹಾಶ್ವೇತೆ" ಎಂದು ಹೊರಬಿದ್ದಿತು. ಬಾಣಭಟ್ಟನ ಕಾವ್ಯವನ್ನು ಕನ್ನಡಿಸಿದ ನಾಗವರ್ಮನ 'ಕರ್ಣಾಟಕ ಕಾದಂಬರಿ'ಯನ್ನು ಪಾಠ ಹೇಳುವಾಗ, ಅಚ್ಛೋದ ಸರೋವರದ ತೀರದಲ್ಲಿ ವೀಣೆ ನುಡಿಸುತ್ತ, ಸತ್ತ ಪುಂಡರೀಕನು ಮರಳುವನೆಂದು ಕಾಯುವ ಆ ತಪಸ್ವಿನಿಯ ಭಾಗಕ್ಕೆ ಬಂದರೆ ಗಂಟೆ ಹೊಡೆದದ್ದೂ ನನಗೆ ಕೇಳಿಸುತ್ತಿರಲಿಲ್ಲ. ವಿದ್ಯಾರ್ಥಿಗಳು ಬೆನ್ನ ಹಿಂದೆ 'ಮಹಾಶ್ವೇತೆ ಮೇಷ್ಟ್ರು' ಎನ್ನುತ್ತಿದ್ದರು. ಹಾಲುಕ್ಕುತ್ತಿದ್ದರೂ ಪುಸ್ತಕದಿಂದ ತಲೆಯೆತ್ತದ ನನ್ನನ್ನು ನನ್ನಾಕೆ ಬದುಕಿದ್ದಾಗ, "ಒಲೆ ಆರಿಸಲು ನಿಮ್ಮ ಅಚ್ಛೋದದವಳು ಬರುತ್ತಾಳೆಯೇ?" ಎಂದು ಕೇಳುತ್ತಿದ್ದಳು.

ಅಳಿಯನು ಕಥೆಯನ್ನೆಲ್ಲ ಕೇಳಿ, "ಪುಸ್ತಕದ ಹೆಸರು ಕಾದಂಬರಿ, ನಿಮ್ಮವಳು ಎರಡನೆಯ ನಾಯಿಕೆ. ಅವಳಿಗೆ ಬೇರೆ ರೂಟ್ ಇಲ್ವಾ?" ಎಂದು ಮರುಗಿದನು. ಕಾದಂಬರಿಗೆ ಸಂದ ಮನ್ನಣೆಯಾದರೂ ಎಂಥದು! ನಾವೆಲ್ ಎಂಬ ಇಡೀ ಸಾಹಿತ್ಯಪ್ರಕಾರಕ್ಕೇ ನಾಯಿಕೆಯೊಬ್ಬಳ ಹೆಸರಿಟ್ಟುಕೊಂಡು ಕೂತಿರುವ ಭಾಷೆಯವನು, ಒಂದು ಗೇಣಿನ ಬೊಂಬೆಯನ್ನು ಕಂಡು ನಲವತ್ತು ದಿನ ಹುಬ್ಬುಗಂಟಿಕ್ಕಿದ್ದೆನಲ್ಲ.

ಅವನು ಹೊಸ ಹಲಗೆ ತಂದು ಬಿಡಿಸತೊಡಗಿದನು. ಕಿವಿಯಲ್ಲಿ ಪಾರಿಜಾತದ ಗೊಂಚಲು ಬರೆದನು. "ಹೂ ಬೇಡ, ಅದು ಪುಂಡರೀಕ ಕೊಟ್ಟ ದಿನದ ಹೂ. ಇವಳು ಆಮೇಲಿನವಳು" ಎಂದೆನು. ಕಣ್ಣುಗಳನ್ನು ಅವರ ಪದ್ಧತಿಯಂತೆ ಮುಖದ ಅರ್ಧದಷ್ಟು ಮಾಡಿದನು, ಕಿರಿದಾಗಿಸಲು ಹೇಳಿದೆನು. ವೀಣೆ ಗಿಟಾರಿನಂತಾಯಿತು. ನಮ್ಮ ಹಿಂದೆ ಹರಕೆಯವರ ಸಾಲು ಬೆಳೆಯುತ್ತಿತ್ತು.

"ಈಗ ಸರಿಯಾ ಮಾವ?"

ಮೂಗು ಅವಳದಲ್ಲ ಎಂದೆನು. ಯಾವಾಗ ನೋಡಿದ್ದೀರಿ ಎಂದು ಅವನು ಕೇಳಲಿಲ್ಲ. "ಇನ್ನೊಂದು ಹಲಗೆ ತರಲಾ?" ಎಂದನು. ನಾನು ಜೇಬಿಗೆ ಕೈ ಹಾಕಿದೆನು.