ಬರ್ಗರ್ ಪಂಡಿತ ರಾಯರು

ಮಗಳ ಬಾಣಂತನಕ್ಕೆಂದು ಹೆಂಡತಿ ನ್ಯೂಜೆರ್ಸಿಗೆ ಹೊರಟರೆ, ಲಗೇಜಿನ ಜೊತೆ ಬರುವವರು ನಮ್ಮ ರಾಯರು. ಬಾಣಂತಿ ಮನೆಯಲ್ಲಿ ಅವರಿಗೇನೂ ಕೆಲಸವಿಲ್ಲ. ಹಾಗಾಗಿ ಅಮೆರಿಕವನ್ನು ತಿದ್ದುವ ಹೊಣೆ ಹೊರುತ್ತಾರೆ. ನಿವೃತ್ತ ಎಂಜಿನಿಯರು, ಕೈಯಲ್ಲಿ ವಾಟ್ಸಾಪು, ಎದುರಿಗೆ ಮೆಕ್‌ಡೊನಾಲ್ಡ್ಸ್. ಇನ್ನೇನು ಬೇಕು?

“ಬರ್ಗರೊಳಗೆ ಎರೆಹುಳ ಅರೆದು ಹಾಕ್ತಾರೆ ಕಣಯ್ಯಾ,” ಪಾರ್ಕಿಂಗ್ ಲಾಟಿನಲ್ಲೇ ಅಳಿಯನಿಗೆ ಪಾಠ ಶುರು. ಈ ಹುಳದ ವದಂತಿ ಅಳಿಯನಿಗಿಂತ ವಯಸ್ಸಿನಲ್ಲಿ ದೊಡ್ಡದು. 1978ರಲ್ಲೇ ಅಟ್ಲಾಂಟಾ ಸುತ್ತಮುತ್ತ ಹರಿದಾಡಿ ವ್ಯಾಪಾರಕ್ಕೆ ಏಟು ಕೊಟ್ಟಿತ್ತು. ಕಂಪನಿಯ ಯಜಮಾನ ರೇ ಕ್ರಾಕ್ ಆಗ ಕೊಟ್ಟ ಉತ್ತರ ಅಪ್ಪಟ ಅಂಗಡಿ ಲೆಕ್ಕ: ಹುಳ ಮಾಂಸಕ್ಕಿಂತ ಎಷ್ಟೋ ಪಟ್ಟು ದುಬಾರಿ, ಹಾಕಿದರೆ ನಮಗೇ ನಷ್ಟ. ಅಳಿಯ ಇದನ್ನು ಹೇಳಿದರೆ ರಾಯರು ಜಗ್ಗುವುದಿಲ್ಲ. “ಹೋಲ್‌ಸೇಲಲ್ಲಿ ತಗೊಂಡ್ರೆ ಕಮ್ಮಿಗೆ ಬೀಳತ್ತೆ.”

ಮುಂದಿನ ಅಸ್ತ್ರ, ಕೊಳೆಯದ ಬರ್ಗರ್. ಇದರಲ್ಲಿ ಸತ್ಯವಿದೆ. 2009ರಲ್ಲಿ ಐಸ್‌ಲ್ಯಾಂಡಿನಲ್ಲಿ ಮೆಕ್‌ಡೊನಾಲ್ಡ್ಸ್ ಬಾಗಿಲು ಹಾಕಿದಾಗ ಒಬ್ಬಾತ ಕೊಂಡಿಟ್ಟ ಬರ್ಗರ್ ಹತ್ತು ವರ್ಷವಾದರೂ ಬೂಸ್ಟು ಹಿಡಿಯಲಿಲ್ಲ. ತೆಳ್ಳನೆಯ ಬಿಲ್ಲೆ, ಬೇಗ ಒಣಗುತ್ತದೆ. ತೇವವಿಲ್ಲದೆ ಬೂಸ್ಟು ಎಲ್ಲಿಂದ ಬರಬೇಕು? ರಾಯರ ಸೂಟ್‌ಕೇಸಿನಲ್ಲಿ ಬಂದ ಸಂಡಿಗೆ ಕೆಡದಿರುವುದೂ ಹೀಗೆಯೇ. ಅದರ ಮೇಲೆ ಮಾತ್ರ ಅವರಿಗೆ ಅನುಮಾನವಿಲ್ಲ.

ಬೈಯಲು ಅಸಲಿ ಕಾರಣ ಬೇರೆಡೆ ಇತ್ತು. 2013ರಲ್ಲಿ ಐರ್ಲೆಂಡಿನ ಆಹಾರ ಸುರಕ್ಷತಾ ಪ್ರಾಧಿಕಾರ ಸೂಪರ್‌ಮಾರ್ಕೆಟಿನ ಬೀಫ್ ಬರ್ಗರುಗಳಲ್ಲಿ ನಿಜವಾಗಿಯೂ ಕುದುರೆಯ ಡಿಎನ್‌ಎ ಪತ್ತೆಹಚ್ಚಿತು. ಇದು ರಾಯರಿಗೆ ಗೊತ್ತೇ ಇಲ್ಲ. ಅವರ ಗ್ರೂಪಿಗೆ ಯಾರೂ ಕಳಿಸಿಲ್ಲ.

ಇಷ್ಟು ಬೈದ ಮೇಲೆ ಒಳಗೆ ಹೋಗಿ ತರಿಸುವುದು ಫ್ರೆಂಚ್ ಫ್ರೈಸ್. ಆಲೂಗಡ್ಡೆಗೆ ಏನು ದೋಷ? ಉಪ್ಪು ಮೆತ್ತಿದ ಹೆಬ್ಬೆರಳನ್ನು ಚೀಪಿ, ಪೊಟ್ಟಣದ ಮೂಲೆಯಲ್ಲಿ ಉಳಿದ ಗರಿಗರಿ ಚೂರುಗಳನ್ನೂ ಅಂಗೈಗೆ ಸುರಿದುಕೊಳ್ಳುತ್ತಾರೆ. ಅಳಿಯ ಎಲ್ಲ ತಿಳಿದೂ ಸುಮ್ಮನಿರುತ್ತಾನೆ. ಮಾವನ ಬಾಯಿಗೆ ಬಿಡುವು ಸಿಗುವುದು ಅಷ್ಟು ಹೊತ್ತು ಮಾತ್ರ.

1990ರಲ್ಲಿ ದನದ ಕೊಬ್ಬು ಬಿಟ್ಟು ಸಸ್ಯದ ಎಣ್ಣೆಗೆ ಬಂದ ಮೇಲೂ ಕಂಪನಿ ಅಮೆರಿಕದ ಫ್ರೈಸಿಗೆ ಬೀಫ್ ಪರಿಮಳ ಸೇರಿಸುತ್ತಿತ್ತು. 2001ರಲ್ಲಿ ಸಸ್ಯಾಹಾರಿ ಹಿಂದೂಗಳು ಸಿಯಾಟಲಿನಲ್ಲಿ ದಾವೆ ಹೂಡಿದರು. 2002ರಲ್ಲಿ ಕಂಪನಿ ಕ್ಷಮೆ ಕೇಳಿ 1 ಕೋಟಿ ಡಾಲರ್ ತೆರಲು ಒಪ್ಪಿತು. ಭಾರತದ ಫ್ರೈಸಿನಲ್ಲಿ ಆ ಪರಿಮಳವಿಲ್ಲ. ಅಮೆರಿಕದ್ದರಲ್ಲಿ ಈಗಲೂ ಇದೆ. ಗುಟ್ಟೇನಲ್ಲ, ಪದಾರ್ಥಗಳ ಪಟ್ಟಿಯಲ್ಲಿ ಕಂಪನಿಯೇ ಬರೆದಿದೆ.